ಬೆಣಚುಕಲ್ಲಿನ ಹೊಟ್ಟೆಯಲ್ಲಿ ಗವಿ

ಕೇಳುಗರೇ, ನಮಸ್ಕಾರ.

ಗವಿ ಎಂದ ಕೂಡಲೇ ಶಾಲೆಯಲ್ಲಿ ಓದಿದ ಸುಣ್ಣದಕಲ್ಲು ನೆನಪಾಗುತ್ತದೆ, ಅಲ್ವಾ? ಮಳೆನೀರಿನ ಹುಳಿಗೆ ಸುಣ್ಣದಕಲ್ಲು ಕರಗುತ್ತದೆ, ಒಳಗೆ ಪೊಳ್ಳಾಗುತ್ತದೆ. ಆದರೆ ಬೆಣಚುಕಲ್ಲು ಹಾಗಲ್ಲ, ಮಹಾ ಮೊಂಡು. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 10 ಮಿಲಿಗ್ರಾಂ, ಅಷ್ಟೇ. ಇಂಥ ಕಲ್ಲಿನಲ್ಲಿ ದೊಡ್ಡ ಗವಿ ಹೇಗೆ ಆದೀತು?

ಆಗಿದೆ. ವೆನೆಜುವೆಲಾದಲ್ಲಿ ಮೇಜಿನಂತೆ ತಲೆ ಚಪ್ಪಟೆಯಾದ ಬೆಟ್ಟಗಳಿವೆ. ಅಲ್ಲಿನ ಪೆಮೋನ್ ಜನ ಅವನ್ನು ತೆಪುಯಿ ಅನ್ನುತ್ತಾರೆ. 979 ಮೀಟರ್ ಎತ್ತರದ ಏಂಜೆಲ್ ಜಲಪಾತ ಧುಮುಕುವುದು ಔಯಾನ್ ತೆಪುಯಿಯಿಂದ. ಅದೇ ಬೆಟ್ಟದ ಒಳಗೆ 2013ರಲ್ಲಿ ಗವಿ ಶೋಧಕರು ಇಮಾವರಿ ಯೆಯುತಾ ಎಂಬ ಗವಿಯನ್ನು ಹೊಕ್ಕರು. ಅದರ ದಾರಿಗಳನ್ನೆಲ್ಲ ಕೂಡಿಸಿದರೆ 15 ಕಿಲೋಮೀಟರಿಗೂ ಜಾಸ್ತಿ. ಬೆಟ್ಟದ ಕಲ್ಲು 150 ಕೋಟಿ ವರ್ಷಕ್ಕೂ ಹಳೆಯದು, ಬಹುಪಾಲು ಬೆಣಚಿನದೇ ಮರಳುಗಲ್ಲು.

ಗುಟ್ಟು ತಿಳಿಯಬೇಕಾದರೆ ಒಂದು ರವೆ ಉಂಡೆ ಕೈಗೆ ತೆಗೆದುಕೊಳ್ಳಿ. ಉಂಡೆ ಪುಡಿಯಾಗಲು ಪ್ರತಿಯೊಂದು ರವೆಯೂ ಕರಗಬೇಕೇ? ಇಲ್ಲ. ರವೆ ರವೆಯನ್ನು ಹಿಡಿದಿಟ್ಟ ಅಂಟು ಸಡಿಲವಾದರೆ ಸಾಕು. ಮರಳುಗಲ್ಲಿನಲ್ಲೂ ಅದೇ ಕತೆ. ಬಿರುಕಿನಲ್ಲಿ ಇಳಿದ ನೀರು ಕಾಳಿನ ಅಂಚನ್ನು ಮಾತ್ರ ಚೂರು ಚೂರೇ ತಿನ್ನುತ್ತದೆ. ಲಕ್ಷಗಟ್ಟಲೆ ವರ್ಷ ತಿನ್ನುತ್ತದೆ. ಕೊನೆಗೆ ಕಲ್ಲು ಹೊರಗಿಂದ ನೋಡಲು ಕಲ್ಲೇ, ಬೆರಳಿಟ್ಟರೆ ಮರಳು. ಆಮೇಲೆ ಬೆಟ್ಟದ ಅಂಚಿನಲ್ಲಿ ನೀರಿಗೆ ಹೊರದಾರಿ ಸಿಕ್ಕರೆ ಮರಳೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಕಾಲುವೆ ಅಗಲವಾಗುತ್ತದೆ, ಚಾವಣಿ ಕುಸಿಯುತ್ತದೆ. ಕರಗುವ ಕೆಲಸ ಸ್ವಲ್ಪ, ತೊಳೆಯುವ ಕೆಲಸ ಜಾಸ್ತಿ. ಅಲ್ಲಿ ಹರಿಯುವ ನೀರೂ ಸುಮ್ನೆ ನೀರಲ್ಲ, ಕೊಳೆತ ಸೊಪ್ಪುಸದೆಯಿಂದಾಗಿ ಟೀ ಡಿಕಾಕ್ಷನ್ ಬಣ್ಣ.

ನಮ್ಮ ದೇಶದಲ್ಲೂ ಇಂಥದ್ದಿದೆ. ಮೇಘಾಲಯದ ಮಾಸಿನ್ರಾಮ್ ಕಡೆ ಕ್ರೆಮ್ ಪುರಿ ಎಂಬ ಮರಳುಗಲ್ಲಿನ ಗವಿ ಸುಮಾರು 24.5 ಕಿಲೋಮೀಟರ್ ಉದ್ದ. ಕ್ರೆಮ್ ಎಂದರೆ ಖಾಸಿ ಭಾಷೆಯಲ್ಲಿ ಗವಿ. ಮಳೆಗೆ ಹೆಸರಾದ ಊರು ಅದು, ತೊಳೆಯಲು ನೀರಿಗೇನು ಕೊರತೆ! ಬಾದಾಮಿಯದೂ ಮರಳುಗಲ್ಲೇ, ಆದರೆ ಅಲ್ಲಿನ ಗುಹಾಲಯಗಳು ಉಳಿಯ ಕೆಲಸ. ಇವತ್ತಿನ ಲೆಕ್ಕಕ್ಕೆ ಬರುವುದಿಲ್ಲ.

ಹಂಪಿಯ ಬಂಡೆಗಳದು ಬೇರೆ ದಾರಿ. ಗ್ರಾನೈಟಿನಲ್ಲಿ ಬೆಣಚಿನ ಜೊತೆ ಫೆಲ್ಡ್‌ಸ್ಪಾರ್ ಎಂಬ ಇನ್ನೊಂದು ಖನಿಜ ಇರುತ್ತದೆ. ಮಣ್ಣಿನಡಿ ಬಿರುಕಿನುದ್ದಕ್ಕೂ ನೀರು ತಾಕಿ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಮಣ್ಣು ತೊಳೆದುಹೋದ ಮೇಲೆ ಗಟ್ಟಿ ಗುಂಡುಗಳು ಒಂದರ ಮೇಲೊಂದು ಕೂರುತ್ತವೆ. ಅವುಗಳ ನಡುವಿನ ಸಂದೇ ಗವಿ.

ಇನ್ನು ಒಳಗಿನ ಒಡವೆಗಳ ಮಾತು. ಬೆಣಚು ಎಂದರೆ ಸಿಲಿಕಾ ಎಂಬ ವಸ್ತುವೇ. ಕರಗಿದ ಆ ಸಿಲಿಕಾ ಎಲ್ಲಿ ಹೋಯಿತು? ಗವಿಯ ಗೋಡೆಯಲ್ಲಿ ನೀರು ಆರುತ್ತಾ ದಟ್ಟವಾಗಿ, ಓಪಲ್ ಆಗಿ ಕೂರುತ್ತದೆ. ಓಪಲ್ ಬೆಣಚಿನ ಹಾಗೆ ಸ್ಫಟಿಕವಾಗಿ ಜೋಡಿಸಿಕೊಂಡಿಲ್ಲದ ಸಿಲಿಕಾ, ಜೊತೆಗಿಷ್ಟು ನೀರು. ತೆಪುಯಿಗಳಲ್ಲಿ ಸೂಕ್ಷ್ಮಜೀವಿಗಳೂ ಇದರಲ್ಲಿ ಕೈಜೋಡಿಸುತ್ತವೆ. ಹಾಗಾಗಿ ಅಲ್ಲಿ ಅಣಬೆಯ ಆಕಾರದವು, ಹವಳದಂಥವು ಎಲ್ಲ ಇವೆ. ಚಿಮಾಂತಾ ತೆಪುಯಿಯ ಒಂದು ಗವಿಯಲ್ಲಂತೂ ಲೋಕಕ್ಕೇ ಹೊಸದಾದ ಖನಿಜ ಸಿಕ್ಕಿತು. ಅದರ ಹೆಸರು ರೊಸ್ಸಿಯಾಂಟೊನೈಟ್. ಹರಳುಗಳು ಬಣ್ಣವಿಲ್ಲದವು, ಒಂದು ಮಿಲಿಮೀಟರಿಗಿಂತ ಎಷ್ಟೋ ಚಿಕ್ಕವು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಸ್ಪೇನಿನ ಗಲೀಸಿಯಾದ ಗ್ರಾನೈಟ್ ಸಂದುಗಳಲ್ಲಿರುವ ಓಪಲ್ ಕಡ್ಡಿಗಳು. ಅಬ್ಬಬ್ಬಾ ಎಂದರೆ ಕೆಲವು ಮಿಲಿಮೀಟರ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡ್ಡಿಯ ತುದಿಯಲ್ಲಿ ಜಿಪ್ಸಮ್ ಹರಳುಗಳು ಗೊಂಚಲು ಗೊಂಚಲಾಗಿ ಎದ್ದು ನಿಂತಿರುತ್ತವೆ, ಕದಂಬದ ಹೂವಿನ ಹಾಗೆ. ಬೆರಳು ತಾಕಿದರೂ ಮುರಿದುಹೋಗುತ್ತವೆ.