ಮತ ಹಾಕದವರನ್ನು ಬೈಯುವ ಮುಂಚೆ ತಾರೀಖು ನೋಡಿ

ನಮಸ್ಕಾರ.

ಒಬ್ಬರಿಗೆ 11,608 ಮತ. ಎದುರಾಳಿಗೂ 11,608. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ನ್ಯೂಪೋರ್ಟ್ ನ್ಯೂಸ್ ಅನ್ನುವ ಊರಿನ ಕ್ಷೇತ್ರವೊಂದರಲ್ಲಿ ರಾಜ್ಯದ ಕೆಳಮನೆಗೆ 2017ರಲ್ಲಿ ನಡೆದ ಚುನಾವಣೆ ಹೀಗೆ ಮುಗಿಯಿತು. ಮೊದಲು ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ 10 ಮತದಿಂದ ಮುಂದಿದ್ದರು. ಮರುಎಣಿಕೆ ಆದಾಗ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಒಂದೇ ಒಂದು ಮತದಿಂದ ಮುಂದೆ ಬಂದರು. ಮರುದಿನ ನ್ಯಾಯಾಧೀಶರು, ಎಣಿಕೆಯಲ್ಲಿ ಬಿಟ್ಟಿದ್ದ ಒಂದು ಮತಪತ್ರವನ್ನು ಯಾನ್ಸಿ ಲೆಕ್ಕಕ್ಕೆ ಸೇರಿಸಿದರು. ಸಮ ಆಯಿತು. 2018ರ ಜನವರಿ 4ರಂದು ಇಬ್ಬರ ಹೆಸರನ್ನೂ ಒಂದು ಬಟ್ಟಲಿಗೆ ಹಾಕಿ ಚೀಟಿ ಎತ್ತಿದರು. ಯಾನ್ಸಿ ಹೆಸರು ಬಂತು. 100 ಸ್ಥಾನದ ಸದನದಲ್ಲಿ ರಿಪಬ್ಲಿಕನ್ನರಿಗೆ 51, ಡೆಮಾಕ್ರಟರಿಗೆ 49.

ಚೀಟಿ ಎತ್ತಿದ ಸುದ್ದಿ ಎಲ್ಲರಿಗೂ ಗೊತ್ತು. ಆಮೇಲೆ ಆದದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಆ ಚುನಾವಣೆಗೆ ಮುಂಚೆ ರಿಪಬ್ಲಿಕನ್ನರ ಹತ್ತಿರ 66 ಸ್ಥಾನ ಇತ್ತು. ಒಂದೇ ಸಲಕ್ಕೆ 15 ಹೋಯಿತು. ಅಲ್ಲಿಯವರೆಗೆ ಆ ಸದನ, ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇಡ್ ಅನ್ನು ವಿಸ್ತರಿಸೋಕೆ ಒಪ್ಪಿರಲಿಲ್ಲ. ಮತದಾರರು ಕೊಟ್ಟ ಪೆಟ್ಟು ನೋಡಿದ ಮೇಲೆ ಕೆಲವು ರಿಪಬ್ಲಿಕನ್ ಸದಸ್ಯರೇ ಮನಸ್ಸು ಬದಲಿಸಿದರು. 2018ರಲ್ಲಿ ಅದು ಪಾಸಾಯಿತು. ಸುಮಾರು 4 ಲಕ್ಷ ಜನ ಅದಕ್ಕೆ ಅರ್ಹರಾದರು. ಆಸ್ಪತ್ರೆ ಬಿಲ್ ನೋಡಿ ಹೆದರಿ ಚಿಕಿತ್ಸೆಯನ್ನೇ ಮುಂದೂಡುತ್ತಿದ್ದ ಜನ ಇವರು.

ಆ ವರ್ಷ ಮತಪತ್ರದಲ್ಲಿ ಅಧ್ಯಕ್ಷರ ಹೆಸರೇ ಇರಲಿಲ್ಲ. ಅಮೆರಿಕದಲ್ಲಿ ಇಂಥ ಬೆಸ ವರ್ಷಗಳನ್ನು 'ಆಫ್ ಇಯರ್' ಅನ್ನುತ್ತಾರೆ. ಅಧ್ಯಕ್ಷರೂ ಇಲ್ಲ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೂ ಇಲ್ಲ. ಇರುವುದು ಕೆಲವು ರಾಜ್ಯಗಳ ಗವರ್ನರ್, ಶಾಸಕರು, ಮೇಯರ್, ನಮ್ಮ ಜಿಲ್ಲೆಯಂಥ ಕೌಂಟಿ, ಶಾಲಾ ಮಂಡಳಿ. ಬದುಕಿಗೆ ತೀರಾ ಹತ್ತಿರದ ಎಲ್ಲವೂ ಅಂದೇ ಇರುತ್ತದೆ. ಅಂದೇ ಜನ ಬರುವುದಿಲ್ಲ.

ನ್ಯೂಜೆರ್ಸಿ ನೋಡಿ. 2016ರಲ್ಲಿ ಅಧ್ಯಕ್ಷರ ಚುನಾವಣೆ. ನೋಂದಾಯಿತ ಮತದಾರರಲ್ಲಿ ಸುಮಾರು ಶೇ 68 ಮಂದಿ ಬಂದರು. 2019ರಲ್ಲಿ ಇದ್ದದ್ದು ರಾಜ್ಯದ ಕೆಳಮನೆ, ಕೌಂಟಿ, ಶಾಲೆ. ಬಂದವರು ಸುಮಾರು ಶೇ 27. ಇದನ್ನು ಕಂಡು "ಜನಕ್ಕೆ ಜವಾಬ್ದಾರಿ ಇಲ್ಲ" ಅಂತ ಬೈಯುವವರು ತುಂಬಾ. ನಾನು ಒಪ್ಪುವುದಿಲ್ಲ. ಮೂರು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸೋಮಾರಿಗಳಾಗಿಬಿಟ್ಟರಾ? ಬದಲಾದದ್ದು ತಾರೀಖು. ಮತ್ತು ಆ ತಾರೀಖನ್ನು ಯಾರೋ ಬೇಕಂತಲೇ ಇಟ್ಟಿದ್ದಾರೆ.

ನ್ಯೂಯಾರ್ಕ್ ನಗರದ ಚುನಾವಣೆ ಬೆಸ ವರ್ಷಕ್ಕೆ ಹೋದದ್ದು 1894ರ ರಾಜ್ಯ ಸಂವಿಧಾನದಿಂದ. ಆಗ ಕೊಟ್ಟ ಕಾರಣ ಕೇಳೋಕೆ ಚೆನ್ನಾಗಿಯೇ ಇತ್ತು. ಊರಿನ ಆಡಳಿತ ದೇಶದ ಪಕ್ಷ ರಾಜಕೀಯದಲ್ಲಿ ಸಿಕ್ಕಿ ಹಾಳಾಗಬಾರದು, ಪಕ್ಷದ ದಲ್ಲಾಳಿಗಳ ಹಿಡಿತ ತಪ್ಪಬೇಕು ಅಂತ. ಆದರೆ ಜನ ಕಡಿಮೆ ಬಂದಾಗ ಲಾಭ ಯಾರಿಗೆ? ಯಾವ ಚುನಾವಣೆಗೂ ತಪ್ಪದೆ ಬರುವ, ಸಂಘಟಿತ ಗುಂಪಿಗೆ. ನೌಕರರ ಸಂಘ ಇರಬಹುದು, ಕಟ್ಟಡ ಕಟ್ಟುವವರು ಇರಬಹುದು, ಹಳೆಯ ಮನೆ ಮಾಲೀಕರು ಇರಬಹುದು. ಅವರು ಬರುವುದು ತಪ್ಪೇನಲ್ಲ. ಬಾಡಿಗೆ ಮನೆಯವರು, ಎರಡು ಕೆಲಸ ಮಾಡುವವರು, ಆಗಷ್ಟೇ ಪೌರತ್ವ ಪಡೆದವರು ಹೊರಗೆ ಉಳಿಯುವುದು ತಪ್ಪು.

ತಾರೀಖು ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಲಾಸ್ ಏಂಜಲೀಸ್ ಇದೆ. ಅಲ್ಲಿ 2017ರಲ್ಲಿ ಮೇಯರ್ ಚುನಾವಣೆಗೆ ಬಂದವರು ಶೇ 20ರ ಆಸುಪಾಸು. ಅಷ್ಟು ಹೊತ್ತಿಗಾಗಲೇ 2015ರಲ್ಲಿ ಊರಿನವರೇ ಮತ ಹಾಕಿ, ಮುಂದಿನ ಚುನಾವಣೆಗಳನ್ನು ಸಮ ವರ್ಷಕ್ಕೆ ತರಲು ಒಪ್ಪಿದ್ದರು. 2022ರ ನವೆಂಬರ್‌ನಲ್ಲಿ ಕ್ಯಾರನ್ ಬಾಸ್ ಮೇಯರ್ ಆದಾಗ ಮತದಾನ ಶೇ 40 ದಾಟಿತು. ಬೇರೆ ಜನರನ್ನೇನೂ ಕರೆತಂದಿರಲಿಲ್ಲ.

ನ್ಯೂಯಾರ್ಕ್ ನಗರದಲ್ಲೂ 2025ರಲ್ಲಿ ಇದೇ ಪ್ರಶ್ನೆ ಮತಕ್ಕೆ ಬಂತು. ಜನ ಬೇಡ ಅಂದರು. ಅವರ ವಾದವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅಧ್ಯಕ್ಷರ ಚುನಾವಣೆಯ ಅಬ್ಬರದಲ್ಲಿ ಊರಿನ ಬಸ್ಸು, ಬಾಡಿಗೆ, ಕಸದ ಮಾತು ಯಾರ ಕಿವಿಗೂ ಬೀಳುವುದಿಲ್ಲ ಅನ್ನುತ್ತಾರೆ. ಅದೇ ದಿನ ಜೊಹ್ರಾನ್ ಮಮ್ದಾನಿ ಗೆದ್ದರು. 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಮೇಯರ್ ಚುನಾವಣೆಯಲ್ಲಿ ಅಷ್ಟು ಮತ ಬಿದ್ದದ್ದು 1969ರ ನಂತರ ಅದೇ ಮೊದಲು. ಬೆಸ ವರ್ಷದಲ್ಲೂ ಜನ ಬರುತ್ತಾರೆ ನೋಡಿ, ಅಂತ ಹೇಳೋಕೆ ಒಳ್ಳೆಯ ಉದಾಹರಣೆ. ಆದರೆ ನಾಲ್ಕೇ ವರ್ಷ ಹಿಂದೆ, 2021ರಲ್ಲಿ, ಅದೇ ನಗರದಲ್ಲಿ ಬಂದವರು ಕಾಲು ಭಾಗಕ್ಕಿಂತ ಕಡಿಮೆ. ಅರ್ಧ ಶತಮಾನಕ್ಕೊಮ್ಮೆ ಬರುವ ಅಲೆಯನ್ನು ನಂಬಿಕೊಂಡು ಊರು ನಡೆಸೋಕೆ ಆಗಲ್ಲ.

ಇಲ್ಲಿ ನಮ್ಮ ಕರ್ನಾಟಕದ ಒಂದು ಸಂಗತಿ ನನ್ನ ವಾದಕ್ಕೇ ಅಡ್ಡ ಬರುತ್ತದೆ. ಅದನ್ನೂ ಹೇಳಲೇಬೇಕು. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಕಾಲದಲ್ಲೇ, ಗ್ರಾಮ ಪಂಚಾಯಿತಿ ಚುನಾವಣೆ ಆಯಿತು. ಬೇರೆಯದೇ ತಾರೀಖು. ಪಕ್ಷದ ಚಿಹ್ನೆಯೂ ಇಲ್ಲ. ಆದರೂ ಶೇ 80ಕ್ಕೂ ಹೆಚ್ಚು ಜನ ಮತ ಹಾಕಿದರು! ಬೆಂಗಳೂರಿನಲ್ಲಿ 2015ರ ಬಿಬಿಎಂಪಿ ಚುನಾವಣೆಗೆ ಬಂದವರು ಅರ್ಧದಷ್ಟು. ಹಳ್ಳಿಯಲ್ಲಿ ನಿಂತವರು ಯಾರ ಮನೆಯವರು ಅಂತ ಎಲ್ಲರಿಗೂ ಗೊತ್ತು. ಊರ ಶಾಲೆಯೇ ಮತಗಟ್ಟೆ. ನಲ್ಲಿ ನೀರು, ಮನೆ ಮಂಜೂರಾತಿ, ಉದ್ಯೋಗ ಖಾತ್ರಿ ಕೆಲಸ, ಇದೆಲ್ಲ ಯಾರ ಕೈಯಲ್ಲಿದೆ ಅಂತಲೂ ಗೊತ್ತು. ಹಾಗಾದರೆ ತಾರೀಖೊಂದೇ ಕಾರಣ ಅಲ್ಲ, ನಿಜ. ಆದರೆ ಆರು ತಿಂಗಳ ಹಿಂದೆ ಬಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರಿಗೆ, ಅಮೆರಿಕದಲ್ಲಿ ಮತದಾನ ನಡೆಯುವ ಮಂಗಳವಾರ ರಜೆ ಸಿಗದವರಿಗೆ, ಹಳ್ಳಿಯ ಆ ಪರಿಚಯ ಎಲ್ಲಿಂದ ಬರಬೇಕು? ಅದನ್ನು ಕಾನೂನು ಮಾಡಿ ತರೋಕೆ ಆಗಲ್ಲ. ತಾರೀಖನ್ನು ಬದಲಿಸೋಕೆ ಆಗುತ್ತದೆ. ಬೆಂಗಳೂರಿಗಂತೂ ತಾರೀಖೇ ಸಿಗಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಕಾರ್ಪೊರೇಟರೂ ಇಲ್ಲದೆ ಊರು ಕಳೆಯಿತು. ಅದರ ಬಗ್ಗೆ ನನಗಿರುವ ಸಿಟ್ಟಿಗೆ ಬೇರೆಯದೇ ಒಂದು ಎಪಿಸೋಡ್ ಬೇಕು.

ಈಗ ಅಮೆರಿಕದಲ್ಲಿ ಪೌರತ್ವ ಪಡೆದು ಇದನ್ನು ಕೇಳುತ್ತಿರುವ ಕನ್ನಡದವರಿಗೆ ಒಂದು ಮಾತು. ತಾರೀಖು ಬದಲಾಗುವವರೆಗೆ ಕಾಯಬೇಡಿ. ನ್ಯೂಜೆರ್ಸಿಯಲ್ಲಿ ಒಂದು ಮನೆಯ ಆಸ್ತಿ ತೆರಿಗೆ 2024ರಲ್ಲಿ ಸರಾಸರಿ 10,000 ಡಾಲರ್ ದಾಟಿದೆ. ಅದರಲ್ಲಿ ಸುಮಾರು ಅರ್ಧ ಶಾಲೆಗೆ ಹೋಗುತ್ತದೆ. ಅದನ್ನು ಹೇಗೆ ಖರ್ಚು ಮಾಡಬೇಕು ಅನ್ನುವವರು ಶಾಲಾ ಮಂಡಳಿಯವರು. 2017ರಲ್ಲಿ ಅಲ್ಲಿನ ಎಡಿಸನ್ ಅನ್ನುವ ಊರಿನಲ್ಲಿ ಇಬ್ಬರು ಏಷ್ಯನ್ ಮೂಲದ ಅಭ್ಯರ್ಥಿಗಳು ಆ ಮಂಡಳಿಗೆ ನಿಂತಾಗ, ಇವರನ್ನು ದೇಶದಿಂದ ಓಡಿಸಿ ಅನ್ನುವ ಅರ್ಥದ ಕಾರ್ಡುಗಳು ಮನೆಮನೆಗೆ ಅಂಚೆಯಲ್ಲಿ ಬಂದವು. ಇಬ್ಬರೂ ಗೆದ್ದರು. ಮನೆಯಲ್ಲೇ ಕೂತಿದ್ದರೆ ಗೆಲ್ಲುತ್ತಿರಲಿಲ್ಲ. 2025ರಲ್ಲಿ ವರ್ಜೀನಿಯಾದಲ್ಲಿ ಲೆಫ್ಟಿನೆಂಟ್ ಗವರ್ನರ್, ಅಂದರೆ ಗವರ್ನರ್ ನಂತರದ ಸ್ಥಾನಕ್ಕೆ, ಆಯ್ಕೆಯಾದ ಗಜಾಲಾ ಹಾಶ್ಮಿ ಹೈದರಾಬಾದಿನಲ್ಲಿ ಹುಟ್ಟಿದವರು. ಅದೂ ಬೆಸ ವರ್ಷವೇ.

ಮುಂದಿನ ಬೆಸ ವರ್ಷದ ದಿನ 2027ರ ನವೆಂಬರ್ 2, ಮಂಗಳವಾರ. ವರ್ಜೀನಿಯಾದ ಎರಡೂ ಸದನಗಳ 140 ಸ್ಥಾನ, ನ್ಯೂಜೆರ್ಸಿಯ 120 ಸ್ಥಾನ, ಎಲ್ಲವೂ ಅಂದೇ. ಎರಡೂ ಕಡೆ ಮುಂಚಿತ ಮತದಾನ ಇದೆ, ಅಂಚೆ ಮತವೂ ಇದೆ. ಮಂಗಳವಾರ ಆಗದಿದ್ದರೆ ಅದನ್ನು ಬಳಸಿ. ಮಾದರಿ ಮತಪತ್ರ ಕೈಗೆ ಸಿಕ್ಕ ದಿನ ಹತ್ತು ನಿಮಿಷ ಕೂತು ಓದಿ. ಮೇಲಿನಿಂದ ಬೇಡ, ಕೆಳಗಿನಿಂದ ಶುರು ಮಾಡಿ. ಶಾಲಾ ಮಂಡಳಿಗೆ ಯಾರು ನಿಂತಿದ್ದಾರೆ, ಶಾಲೆ ಬಗ್ಗೆ ಏನು ಹೇಳಿದ್ದಾರೆ, ಅದನ್ನು ಮೊದಲು ನೋಡಿ. ಪಕ್ಕದ ಮನೆಯವರಿಗೂ ಹೇಳಿ.