ಒಂದೇ ಊರಿನ ದ್ವೀಪ

ಕೇಳುಗರಿಗೆ ನಮಸ್ಕಾರ. ಇವತ್ತು ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಇರುವ ಟ್ರಿಸ್ಟನ್ ಡ ಕುನ್ಹ ಎಂಬ ದ್ವೀಪದ ಬಗ್ಗೆ ಮಾತಾಡೋಣ. ಇದು ಬ್ರಿಟನ್ನಿಗೆ ಸೇರಿದ್ದು. ಹತ್ತಿರದ ದೊಡ್ಡ ಊರು ಅಂದರೆ ಕೇಪ್‌ಟೌನ್, ಅದೂ ಸುಮಾರು 2,800 ಕಿಲೋಮೀಟರ್ ದೂರ. ವಿಮಾನ ಇಳಿಯುವ ಜಾಗವೇ ಇಲ್ಲ. ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರ ಬೇಕು.

ಸಮುದ್ರದ ತಳದಿಂದ ಎದ್ದುನಿಂತ ಜ್ವಾಲಾಮುಖಿಯೇ ಈ ದ್ವೀಪ. ಅದರ ತುದಿ ಸಮುದ್ರಮಟ್ಟದಿಂದ 2,062 ಮೀಟರ್ ಎತ್ತರ. ಸುತ್ತ ಬಹುಪಾಲು ಕಡಿದಾದ ಬಂಡೆ. ಊರು ಕಟ್ಟುವಷ್ಟು ಸಮತಟ್ಟು ನೆಲ ಸಿಕ್ಕಿದ್ದು ವಾಯವ್ಯದ ಕಡೆಯ ಒಂದು ಪಟ್ಟಿಯಲ್ಲಿ. ಹಾಗಾಗಿ ಇಡೀ ದ್ವೀಪಕ್ಕೆ ಒಂದೇ ಊರು, ಜನ ಸುಮಾರು 240. 1817ರಲ್ಲಿ ಬ್ರಿಟಿಷ್ ಪಡೆ ವಾಪಸ್ ಹೊರಟಾಗ ವಿಲಿಯಂ ಗ್ಲಾಸ್ ಎಂಬ ಸೈನಿಕ ಹೆಂಡತಿ ಮಕ್ಕಳ ಜೊತೆ ಅಲ್ಲೇ ಉಳಿದರು. ಊರು ಶುರುವಾಗಿದ್ದು ಹಾಗೆ.

ಊರಿಂದ ಆಚೆ ಒಂದೇ ರಸ್ತೆ ಹೋಗುತ್ತದೆ, ಆಲೂಗಡ್ಡೆ ಹೊಲಗಳ ತನಕ. ಗಾಳಿ ಬೆಳೆಯನ್ನು ಬಡಿದು ಹಾಕದಂತೆ ಪುಟ್ಟ ಪುಟ್ಟ ಹೊಲಗಳ ಸುತ್ತ ಲಾವಾ ಕಲ್ಲಿನ ಗೋಡೆ ಕಟ್ಟಿದ್ದಾರೆ. ಕಡಲು ಶಾಂತವಾಗಿದ್ದ ಬೆಳಗ್ಗೆ ನೇತುಹಾಕಿದ ಹಳೇ ಗ್ಯಾಸ್ ಸಿಲಿಂಡರನ್ನು ಢಣ್ ಅಂತ ಬಡಿಯುತ್ತಾರೆ. ಇವತ್ತು ದೋಣಿ ಹೊರಡುತ್ತದೆ ಅಂತ ಅರ್ಥ. ಊರಿನ ಮುಖ್ಯ ಸಂಪಾದನೆ ರಾಕ್ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಕಡಲಜೀವಿಯಿಂದ. ಹಿಡಿದು, ಅಲ್ಲೇ ಕಾರ್ಖಾನೆಯಲ್ಲಿ ಫ್ರೀಜ್ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ.

1961ರ ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲೇ ನೆಲ ಬಿರಿದು ಲಾವಾ ಉಕ್ಕಿತು. ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಮನೆ, ಕೆಲಸ, ಟಿವಿ ಎಲ್ಲ ಇರುವ ನಾಡು ಅದು. ಅಲ್ಲೇ ಇದ್ದುಬಿಡುತ್ತಾರೆ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? 1962ರಲ್ಲಿ ಮತ ಹಾಕಿದರು. ವಾಪಸ್ ಹೋಗುತ್ತೇವೆ ಅಂದವರು 148, ಬೇಡ ಅಂದವರು 5 ಜನ. ಈ ಲೆಕ್ಕ ಓದಿದಾಗಲೆಲ್ಲ ಆ ಜನರ ಮೇಲೆ ನನಗೆ ಗೌರವ ಇನ್ನೂ ಹೆಚ್ಚುತ್ತದೆ. ಬಹಳ ಕಾಲ ಹಣವಿಲ್ಲದೆ, ಕೊಟ್ಟು ತಗೊಂಡು ಬದುಕಿದ ಊರು ಅವರದು. ನೆಂಟರು, ನೆರೆಯವರು ಎಲ್ಲ ಒಂದೇ ಕಡೆ.

1963ರಲ್ಲಿ ಹೆಚ್ಚಿನವರು ಮರಳಿದರು. ಹಳೇ ಕಾರ್ಖಾನೆ, ದೋಣಿ ಇಳಿಸುವ ದಡ ಎರಡೂ ಲಾವಾ ಅಡಿ ಹೋಗಿದ್ದವು. ಹೊಸ ಕಾರ್ಖಾನೆ ಎದ್ದಿತು, ಪುಟ್ಟ ಬಂದರು ಕಟ್ಟಿದರು. ಇಂಗ್ಲೆಂಡಿನಲ್ಲಿ ತಾವು ತಂಗಿದ್ದ ಊರಿನ ಹೆಸರನ್ನೇ ಅದಕ್ಕಿಟ್ಟರು: ಕ್ಯಾಲ್ಶಾಟ್. ದೊಡ್ಡ ಹಡಗು ಈಗಲೂ ಅದರೊಳಗೆ ಬರಲಾಗುವುದಿಲ್ಲ. ಹೊರಗೇ ನಿಲ್ಲುತ್ತದೆ. ಅಲೆ ಜೋರಾಗಿದ್ದರೆ ಜನ, ಸಾಮಾನು ಇಳಿಸಲು ದಿನಗಟ್ಟಲೆ ಕಾಯಬೇಕು.