ಬೇಸ್ ಹಾಡುತ್ತದೆ: ರಿಚರ್ಡ್ ಬೋನಾ

ಕೇಳುಗರಿಗೆ ನಮಸ್ಕಾರ. ಬೇಸ್ ಗಿಟಾರ್ ಅಂದರೆ ಹಿಂದೆ ನಿಂತು ದುಮ್ ದುಮ್ ಅನ್ನುವ ವಾದ್ಯ ಎಂದು ಬಹಳ ಜನರ ಎಣಿಕೆ. ಅಲ್ಲ. ರಿಚರ್ಡ್ ಬೋನಾ ಅವರ ಕೈಯಲ್ಲಿ ಬೇಸ್ ಹಾಡುತ್ತದೆ. ಇವತ್ತಿನ ಮಾತು ಇಷ್ಟೇ.

ಅವರು ಹುಟ್ಟಿದ್ದು 1967ರಲ್ಲಿ, ಕ್ಯಾಮರೂನಿನ ಮಿಂಟಾದಲ್ಲಿ. ಅಜ್ಜ ಹಾಡುಗಾರರು, ತಾಯಿಯೂ ಹಾಡುತ್ತಿದ್ದರು. ನಾಲ್ಕನೇ ವರ್ಷಕ್ಕೆ ಕೈಗೆ ಬಂದದ್ದು ಬಾಲಫೋನ್: ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆ ಕಟ್ಟಿ, ಕೋಲಿನಿಂದ ಬಾರಿಸುವ ವಾದ್ಯ. ಗಿಟಾರ್ ಕೊಳ್ಳುವ ಅನುಕೂಲ ಇರಲಿಲ್ಲ. ಹಳೆಯ ಮೋಟರ್‌ಸೈಕಲ್ ಟ್ಯಾಂಕಿಗೆ ಸೈಕಲ್ಲಿನ ಬ್ರೇಕ್ ತಂತಿ ಬಿಗಿದು ಹುಡುಗ ತಾನೇ ಮಾಡಿಕೊಂಡ.

1980ರ ಸುಮಾರಿಗೆ ಡೌವಾಲಾ ನಗರದಲ್ಲಿ ಒಬ್ಬ ಫ್ರೆಂಚ್ ವ್ಯಕ್ತಿ ಜಾಝ್ ಕ್ಲಬ್ ತೆರೆದು, ವಾದ್ಯವೃಂದ ಕಟ್ಟುವ ಕೆಲಸವನ್ನು ಈ ಹುಡುಗನಿಗೆ ಒಪ್ಪಿಸಿದರು. ಹುಡುಗನಿಗೆ ಜಾಝ್ ಗೊತ್ತಿಲ್ಲ. ಕಲಿಯಲು ರೆಕಾರ್ಡುಗಳ ರಾಶಿ ಕೊಟ್ಟರು. ಮೊದಲು ಕೈಗೆ ಸಿಕ್ಕಿದ್ದು ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ 1976ರಲ್ಲಿ ತಂದ ಆಲ್ಬಮ್. ಕೇಳಿದವನೇ ರೆಕಾರ್ಡ್ ತಪ್ಪು ವೇಗದಲ್ಲಿ ತಿರುಗುತ್ತಿದೆಯೇ ಎಂದು ನೋಡಿದ! ಅನುಮಾನ ಸಹಜವೇ. ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ಕ್ಕೆ ಇಟ್ಟರೆ ಶ್ರುತಿಯೂ ಏರುತ್ತದೆ, ಷಡ್ಜವಿದ್ದಲ್ಲಿ ಸುಮಾರು ಮಧ್ಯಮ ಕೇಳುತ್ತದೆ. ಆದರೆ ವೇಗ ಸರಿಯಾಗಿಯೇ ಇತ್ತು. ಹುಡುಗ ಅಂದಿನಿಂದ ಬೇಸ್ ಹಿಡಿದ.

ಜಾಕೋ ಮಾಡಿದ್ದೇನು? ತಂತಿಯನ್ನು ಒತ್ತದೆ ಸೋಕಿದ್ದು. ಸರಿಯಾಗಿ ಅರ್ಧದಲ್ಲಿ, ಅಂದರೆ 12ನೇ ಫ್ರೆಟ್‌ನ (ಹಿಡಿಯ ಮೇಲಿನ ಅಡ್ಡಪಟ್ಟಿ) ಲೋಹದ ನೇರಕ್ಕೆ, ಬೆರಳು ಸೋಕಿಸಿ ಮೀಟಿದರೆ ಮೇಲಿನ ಷಡ್ಜ. 7ನೇ ಫ್ರೆಟ್‌ನಲ್ಲಿ ಅದಕ್ಕೂ ಮೇಲಿನ ಪಂಚಮ. ಒತ್ತಿದಿರೋ, ಮಾಮೂಲಿ ಸ್ವರ. ಜಾಗ ತಪ್ಪಿದರೆ ಬರೀ ಠಕ್. ಮೀಟುವ ಕೈ ಬ್ರಿಡ್ಜ್ (ವಾದ್ಯದ ಒಡಲಿನ ಮೇಲೆ ತಂತಿ ಕೂರುವ ಕುದುರೆ) ಹತ್ತಿರವಿದ್ದರೆ ನಾದ ಸ್ಪಷ್ಟ. ಅಷ್ಟು ದಪ್ಪ ತಂತಿ ಹೀಗೆ ಗಂಟೆಯಂತೆ ಮಿಡಿಯುತ್ತದೆ, ಹಾಡುತ್ತದೆ.

ಸಮಯ ಕಡಿಮೆ, ಉಳಿದದ್ದು ಬೇಗ ಹೇಳುತ್ತೇನೆ. ಬೋನಾ 1989ರಲ್ಲಿ ಹೋದದ್ದು ಜರ್ಮನಿ, ಆಮೇಲೆ ಫ್ರಾನ್ಸ್, 1995ರಲ್ಲಿ ನ್ಯೂಯಾರ್ಕ್. ಜಾಝ್ ಕೀಬೋರ್ಡ್ ವಾದಕ ಜೋ ಝಾವಿನುಲ್ ಅವರ ತಂಡದಲ್ಲಿ ಬೇಸ್. 1999ರಲ್ಲಿ ಸ್ವಂತದ ಮೊದಲ ಆಲ್ಬಮ್. ಮುಂದೆ 'ಟಿಕಿ' ಆಲ್ಬಮ್ ಗ್ರ್ಯಾಮಿ ನಾಮನಿರ್ದೇಶನ ಪಡೆಯಿತು. ಹಾಡುವುದು ಹೆಚ್ಚಾಗಿ ಡೌವಾಲಾ ಭಾಷೆಯಲ್ಲಿ. ಬೆರಳು ನುಡಿಸಿದ್ದನ್ನೇ ಗಂಟಲೂ ಹಾಡುತ್ತದೆ, ಎರಡರ ನಡುವೆ ಕೂದಲೆಳೆಯ ಅಂತರವಿಲ್ಲ.

ದಯವಿಟ್ಟು ಇವರನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಐದು ತಂತಿಯ ಬೇಸ್‌ನ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 31 ಸಲ ಕಂಪಿಸುತ್ತದೆ, ಆ ಪುಟ್ಟ ಸ್ಪೀಕರ್‌ಗೆ ಅದು ನಿಲುಕದು. ಒಳ್ಳೆಯ ಹೆಡ್‌ಫೋನ್ ಹಾಕಿ. ಮೊದಲ ಸಲ ದನಿ ಕೇಳಿ. ಎರಡನೇ ಸಲ ಬೇಸನ್ನು ಮಾತ್ರ ಹಿಂಬಾಲಿಸಿ.